ಒಳಗೆರೆಯ ಬಾಗಿಲಲ್ಲಿ ಬೆಲ್ಲ ಮತ್ತು ನೀರು

ಬೂದಿಬೆಟ್ಟ ವಿಮಾನ ನಿಲ್ದಾಣ,
30 ಫೆಬ್ರವರಿ 2171

ಈ ಗುಡ್ಡದ ಮೇಲೆ ನಿಲ್ದಾಣ ಕಟ್ಟಲಿರುವ ಹಿರಿಯರಿಗೆ ಅಡಿವೆಪ್ಪ ಕಡಕೋಳನ ನಮಸ್ಕಾರ.

ದಿನಾಂಕ ತಪ್ಪಿಲ್ಲ. ತಿಂಗಳುಗಳನ್ನು ಸರಿದೂಗಿಸಿದ ವರ್ಷ ಫೆಬ್ರವರಿಗೂ ಮೂವತ್ತು ದಿನ ಸಿಕ್ಕವು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ, ಬಂದ ಕಡೆಯಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಇದೇ ವಿಷಯವಾಗಿ ನಮ್ಮ ಈಗಿನ ನಿಲ್ದಾಣ ಮಂಡಳಿಗೆ ನಾಲ್ಕು ಪತ್ರ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಇಂದಿನವರಿಗೆ ಪುರುಸೊತ್ತಿಲ್ಲದಿದ್ದರೆ ಹಿಂದಿನವರಾದರೂ ಓದಲಿ ಎಂದು ಐದನೆಯದನ್ನು ನಿಮಗೆ ಬರೆಯುತ್ತಿದ್ದೇನೆ. ಇಲ್ಲಿನ ಮೊದಲ ನಿಯಮಪುಸ್ತಕ ಬರೆಯುವವರು ನೀವು.

ನಿಮ್ಮ ಕಾಲಕ್ಕೆ ಇಲ್ಲಿ ಆಡು ಮೇಯುವ ಹುಲ್ಲು ಬಿಟ್ಟರೆ ಏನೂ ಇರಲಿಕ್ಕಿಲ್ಲ. ಈಗ ದಿನಕ್ಕೆ ಎಂಟು ತೇಲುಹಡಗುಗಳು ಬಂದು ನಿಲ್ಲುತ್ತವೆ. ಹಗುರ ಅನಿಲದ ಬಲದಿಂದ ಗಾಳಿಯಲ್ಲಿ ಸಾಗುವ, ಒಂದು ಓಣಿಯಷ್ಟು ಉದ್ದದ ವಾಹನಗಳು ಅವು. ಗಾಳಿ ಅನುಕೂಲವಾಗುವವರೆಗೆ ದಪ್ಪ ಹಗ್ಗಗಳಲ್ಲಿ ಕಟ್ಟಿ ನಿಲ್ಲಿಸುತ್ತಾರೆ. ಹೀಗಾಗಿ ಪ್ರಯಾಣಿಕರು ಎರಡು ಮೂರು ದಿನ ಕಾಯುವುದು ಮಾಮೂಲು. ಕಾಯುವ ಹಾಲ್‌ನಲ್ಲಿ ರೊಟ್ಟಿ ಬಡಿಯುವ ಸದ್ದು ಬೆಳಿಗ್ಗೆಯಿಂದಲೇ ಶುರುವಾಗುತ್ತದೆ. ದಕ್ಷಿಣದ ಕಟಕಟೆಯ ಮೇಲೆ ಹತ್ತು ದೇಶಗಳ ಅಂಗಿಗಳು ಒಣಗುತ್ತಿರುತ್ತವೆ. ಒಣಹಾಕಬೇಡಿ ಎಂದು ಬರೆದ ಫಲಕದ ಮೇಲೂ ಯಾರೋ ಟವೆಲ್ ಹಾಕಿರುತ್ತಾರೆ. ಹಾಲ್‌ಗೂ ಹಡಗುಗಳಿಗೂ ನಡುವಿನ ಭಾಗದ ಸುತ್ತ ಹಳದಿ ಗೆರೆ ಇದೆ. ಅದನ್ನು ಒಳಗೆರೆ ಎನ್ನುತ್ತೇವೆ. ತಪಾಸಣೆ ಮುಗಿದವರು, ಹಡಗು ಹತ್ತುವವರು, ನಮ್ಮ ನಾಡಿನೊಳಗೆ ಬರಲು ಅಪ್ಪಣೆ ಕೇಳಿ ಕುಳಿತವರು ಅದರ ಆಚೆ ಇರುತ್ತಾರೆ. ನಾನು ಕೆಲಸದಲ್ಲಿದ್ದಾಗ ಗೆರೆ ದಾಟಲು ಕಸ ಗುಡಿಸುವವರಿಂದ ಮಂತ್ರಿಗಳವರೆಗೆ ಎಲ್ಲರೂ ಹೆಸರು ಹೇಳಿ ಮುಖ ತೋರಿಸಬೇಕಿತ್ತು. ವಿದೇಶಿ ಸರ್ಕಾರಗಳ ಪ್ರತಿನಿಧಿಗಳಿಗೆ ಮಾತ್ರ ಆ ಕಟ್ಟಳೆ ಇರಲಿಲ್ಲ. ಅವರ ಕೈಯಲ್ಲಿ ಗೌರವಚೀಟಿ ಇರುತ್ತಿತ್ತು: ನೀಲಿ ರಟ್ಟು, ಅದರ ಮೇಲೆ ಒಂದು ಮುದ್ರೆ. ಹೆಸರಿಲ್ಲ, ಚಿತ್ರವಿಲ್ಲ.

ಈ ಚೀಟಿ ಹುಟ್ಟಿದ್ದು ನಮ್ಮ ಮರ್ಯಾದೆಯಿಂದಲೇ. ಬಂದವರಿಗೆ ಮೊದಲು ಬೆಲ್ಲ, ತಂಬಿಗೆ ನೀರು. ಊರು ಕೇರಿ ವಿಚಾರಣೆ ಆಮೇಲೆ. ಮನೆಯ ಈ ಪದ್ಧತಿಯನ್ನು ನೀವು ಒಳಗೆರೆಯ ಬಾಗಿಲಿಗೂ ತಂದಿರಿ. ನೀರು ಕುಡಿದ ಅತಿಥಿಯ ಹೆಸರು ಕೇಳುವುದು ಅಗೌರವ ಎಂದು ನಿಯಮಪುಸ್ತಕದಲ್ಲೇ ಬರೆದಿರಿ. ಆಮೇಲೆ ಕೇಳಬೇಕಾದದ್ದನ್ನು ಯಾವತ್ತೂ ಕೇಳದಂತಾಯಿತು.

2133ರಲ್ಲಿ ಆ ಬಾಗಿಲಲ್ಲಿ ಕೂರುತ್ತಿದ್ದವರು ನೀಲಗಂಗವ್ವ ಹೊಸಕೇರಿ. ನಾನು ನಿಲ್ದಾಣದ ಭಾಷಾ ಸಹಾಯಕ, ಬೇರೆ ನಾಡಿನವರ ಮಾತನ್ನು ಕನ್ನಡಕ್ಕೆ ತರುವವನು. ಆ ವರ್ಷ ಸೆಲ್ಮೀನಾ ಎಂಬ ಹೆಣ್ಣುಮಗಳು ಬಂದು ಆಶ್ರಯ ಕೇಳಿದಳು. ತನ್ನ ನಾಡಿನ ಅಣೆಕಟ್ಟೆಯಲ್ಲಿ ನೀರಿನ ಮಟ್ಟ ಅಳೆಯುವ ಕೆಲಸ ಅವಳದು. ಕಟ್ಟೆ ಬಿರುಕು ಬಿಟ್ಟಿರುವುದನ್ನು ಕೆಳಗಿನ ಊರುಗಳಿಗೆ ತಿಳಿಸಿದ್ದಳು. ಅದಕ್ಕಾಗಿ ಅವಳ ಸರ್ಕಾರ ಅವಳನ್ನು ಹುಡುಕುತ್ತಿತ್ತು. ವಿಚಾರಣೆಗೆ ಹನ್ನೆರಡನೆಯ ದಿನ ಗೊತ್ತಾಗಿತ್ತು. ಅಲ್ಲಿಯವರೆಗೆ ಒಳಗೆರೆಯಲ್ಲೇ ವಾಸ. ದಿನವೂ ಬಾಗಿಲ ಬಳಿ ಬಂದು ನೀಲಗಂಗವ್ವನಿಂದ ಬೆಲ್ಲ, ನೀರು ಇಸಿದುಕೊಳ್ಳುತ್ತಿದ್ದಳು. ನ್ಯಾಯಾಧೀಶರ ಮುಂದೆ ಒಂದು ವಾಕ್ಯವನ್ನಾದರೂ ಕನ್ನಡದಲ್ಲಿ ಹೇಳಬೇಕೆಂದು ಹಟ ಹಿಡಿದಿದ್ದಳು. ನಾನು ಪುಸ್ತಕದ ಕನ್ನಡ ಕಲಿಸಿದರೆ ನೀಲಗಂಗವ್ವ ಅಡ್ಡ ಬರುತ್ತಿದ್ದರು.

“ಏ ಪಂಡಿತಾ, ಆಕಿಗೆ ‘ವಾಸಿಸಲು ಇಚ್ಛಿಸುತ್ತೇನೆ’ ಅಂತ ಯಾಕ ಕಲಸ್ತಿ? ಹಂಗ ನಿಮ್ಮಪ್ಪ ಮಾತಾಡ್ತಿದ್ನೇನು? ‘ನಾ ಇಲ್ಲೇ ಇರತೇನ್ರಿ’ ಅನ್ನವಾ ತಂಗಿ. ಅಷ್ಟ ಸಾಕು.”

ಸೆಲ್ಮೀನಾ ಅದನ್ನೇ ಕಲಿತಳು.

ಹನ್ನೊಂದನೆಯ ದಿನ ಮಧ್ಯಾಹ್ನ ಒಂದೂವರೆಗೆ ಇಬ್ಬರು ಗೌರವಚೀಟಿ ಹಿಡಿದು ಬಂದರು. ನೀಲಗಂಗವ್ವ ಪದ್ಧತಿಯಂತೆ ಬೆಲ್ಲ, ನೀರು ಕೊಟ್ಟರು. ಅವರು ಕುಡಿದು, ಕೈಮುಗಿದು, ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಸೆಲ್ಮೀನಾಳನ್ನು ನಡುವೆ ಇರಿಸಿಕೊಂಡು ಬಾಗಿಲ ಮುಂದೆಯೇ ಹಾದು ಹಡಗಿನ ಕಡೆ ಹೊರಟರು. ಅವಳ ಭುಜದ ಮೇಲೆ ಕೋಟು, ಕೈಗಳು ಕಾಣದಂತೆ ಅದರೊಳಗೆ. ನೀಲಗಂಗವ್ವ ಲೋಟ ಚಾಚಿದರು. ಅವಳು ಲೋಟವನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ.

ಎರಡು ಗಂಟೆಗೆ ನೀಲಗಂಗವ್ವ ಅದೇ ಲೋಟ ಹಿಡಿದು ಕ್ಯಾಂಟೀನಿಗೆ ನನ್ನ ಹತ್ತಿರ ಬಂದರು. “ಅಡಿವೆಪ್ಪಾ, ಆಕಿ ನೀರ ಮುಟ್ಟಲಿಲ್ಲೋ. ಹನ್ನೊಂದ ದಿನದಾಗ ಒಮ್ಮೆನೂ ಒಲ್ಲೆ ಅಂದಾಕಿ ಅಲ್ಲ. ನೀರ ಕುಡದವ್ರನ್ನ ನಾ ಹೆಂಗ ತಡೀಲಿ?”

“ನೀರಡಿಕಿ ಇರಲಿಕ್ಕಿಲ್ಲ ಬಿಡ್ರಿ. ಆಕಿ ಊರಿನವ್ರ ಅಲ್ಲೇನ್ರಿ, ಮಾತಾಡಸಾಕ ಬಂದಿರಬೇಕು,” ಎಂದೆ. ಎಲೆಯ ಮೇಲೆ ಇನ್ನೂ ಅರ್ಧ ರೊಟ್ಟಿ ಉಳಿದಿತ್ತು.

ಆ ಹಡಗು ಮೂರು ಗಂಟೆಯವರೆಗೂ ಹಗ್ಗದಲ್ಲೇ ಇತ್ತು.

ಮರುದಿನ ನ್ಯಾಯಾಲಯದಲ್ಲಿ ಅವಳ ಹೆಸರನ್ನು ಮೂರು ಸಲ ಕೂಗಿದರು. ಅನುವಾದದ ಹಾಳೆ ಹಿಡಿದು ನಾನೊಬ್ಬನೇ ನಿಂತಿದ್ದೆ. ಅವಳ ನಾಡಿನ ರಾಯಭಾರ ಕಚೇರಿ, ಅಂದು ತಮ್ಮವರು ಯಾರೂ ನಿಲ್ದಾಣಕ್ಕೆ ಬಂದಿರಲಿಲ್ಲ ಎಂದಿತು. ಅಲ್ಲವೆಂದು ತೋರಿಸಲು ನಮ್ಮ ಬಳಿ ಏನೂ ಇರಲಿಲ್ಲ. ಹೆಸರೇ ಇಲ್ಲದ ಚೀಟಿ ಯಾರ ಕೈಯಲ್ಲಿತ್ತೆಂದು ಹೇಳುವುದು ಹೇಗೆ? ಸೆಲ್ಮೀನಾಳ ಸುದ್ದಿ ಇಂದಿಗೂ ತಿಳಿದಿಲ್ಲ. ಎರಡು ವರ್ಷದ ಮೇಲೆ ಅಣೆಕಟ್ಟೆ ಒಡೆಯಿತು. ಕೆಳಗಿನ ಊರುಗಳವರು ಅವಳ ಮಾತು ಕೇಳಿ ಮೊದಲೇ ಜಾಗ ಖಾಲಿ ಮಾಡಿದ್ದರು ಎಂದು ಓದಿದೆ.

ಆಮೇಲೆ ನೀಲಗಂಗವ್ವ ಆರು ವರ್ಷ ಮಂಡಳಿಯ ಬಾಗಿಲು ತಟ್ಟಿದರು. ನಾನು ಅರ್ಜಿ ಬರೆಯುತ್ತಿದ್ದೆ, ಅವರು ಮಾತಾಡುತ್ತಿದ್ದರು. ಕೊನೆಗೆ ನಿಯಮ ಬಂತು. ವಿದೇಶಿ ಪ್ರತಿನಿಧಿ ತನ್ನ ನಾಡಿನವರನ್ನು ಕಾಣಬಹುದು, ಅದು ಅವರ ಹಕ್ಕು. ಆದರೆ ಹೆಸರು ಹೇಳಿ, ಮುಖ ತೋರಿಸಿ, ಕಾಣುವವರ ಒಪ್ಪಿಗೆ ಪಡೆದು, ನಮ್ಮವರೊಬ್ಬರ ಜೊತೆಯಲ್ಲಿ. ಹಡಗಿನ ಬಳಿಗೆ ಪ್ರವೇಶವಿಲ್ಲ. ನೀಲಿ ಚೀಟಿಗಳನ್ನೆಲ್ಲ ಹಿಂದಕ್ಕೆ ಪಡೆದರು.

ಈಗ ಮಂಡಳಿ ಆ ಚೀಟಿಯನ್ನು ಮತ್ತೆ ತರಲು ಹೊರಟಿದೆ. ಕಾರಣ, ಒಬ್ಬ ರಾಯಭಾರಿ ಏಳು ನಿಮಿಷ ಬಿಸಿಲಲ್ಲಿ ನಿಲ್ಲಬೇಕಾಯಿತಂತೆ. ನೆರಳಿಗೆ ಚಪ್ಪರ ಹಾಕಿಸಿ ಎಂದು ನನ್ನ ಮೂರನೆಯ ಪತ್ರದಲ್ಲೇ ಬರೆದಿದ್ದೆ. ಚಪ್ಪರಕ್ಕಿಂತ ಬಾಗಿಲು ತೆರೆದಿಡುವುದು ಸುಲಭವೆಂದು ಅವರಿಗೆ ಕಂಡಿರಬೇಕು. ಈ ಮಂಡಳಿಯಲ್ಲಿ 2133 ಅನ್ನು ಕಂಡವರು ಒಬ್ಬರೂ ಇಲ್ಲ. ಕಂಡವನು ನಾನು, ನನಗೀಗ ಎಪ್ಪತ್ತೊಂಬತ್ತು.

ಆದ್ದರಿಂದ ಹಿರಿಯರೇ, ನಿಮ್ಮಲ್ಲಿ ಒಂದೇ ಕೋರಿಕೆ. ಅತಿಥಿಯ ಹೆಸರು ಕೇಳಬಾರದೆಂಬ ಆ ಸಾಲನ್ನು ಬರೆಯಬೇಡಿ. ಬೆಲ್ಲ, ನೀರು ಇರಲಿ. ಹೆಸರು ಕೇಳಿದ ಮೇಲೆ ಕೊಡಿ.

ಪ್ರತಿ ಮಂಗಳವಾರ ನಾನು ಒಳಗೆರೆಯಲ್ಲಿ ಕಾಯುತ್ತಿರುವವರಿಗೆ ಪತ್ರಿಕೆ ಓದಿ ಹೇಳಲು ಹೋಗುತ್ತೇನೆ. ಬಾಗಿಲಲ್ಲಿ ಈಗ ಗುರಸಿದ್ದವ್ವ ಕೂರುತ್ತಾಳೆ. ಒಂಬತ್ತು ವರ್ಷಗಳಿಂದ ನನ್ನನ್ನು ಬಲ್ಲವಳು.

“ಹೆಸರ ಹೇಳ್ರಿ ಅಜ್ಜಾರ.”

“ನಿನಗ ಗೊತ್ತಿಲ್ಲೇನವಾ?”

“ಗೊತ್ತೈತ್ರಿ. ಹೇಳ್ರಿ.”

ಹೇಳುತ್ತೇನೆ. ಅವಳು ಬರೆದುಕೊಂಡು ಮುಖ ನೋಡುತ್ತಾಳೆ. ಆಮೇಲೆ ಲೋಟ ಚಾಚಿ, ನಾನು ಎರಡೂ ಕೈಯಿಂದ ಹಿಡಿದು ಕುಡಿಯುವವರೆಗೆ ನೋಡುತ್ತಲೇ ಇರುತ್ತಾಳೆ.

ಇಂತಿ,
ಅಡಿವೆಪ್ಪ ಕಡಕೋಳ