ಆ ಮಂಗಳವಾರ ನಾನು ಕುರ್ಚಿಯಲ್ಲಿ ಇರಲಿಲ್ಲ

ಕುಟುಂಬ ವೈದ್ಯರ ತರಬೇತಿ ಮಂಡಳಿಯ ಅಧ್ಯಕ್ಷರಿಗೆ

ಮಾನ್ಯರೇ,

ಕಳೆದ ಹದಿನಾಲ್ಕು ತಿಂಗಳಲ್ಲಿ ನಾನು ಏನನ್ನೂ ಕಲಿತಿಲ್ಲ ಎಂದು ತಿಳಿಸುವ ನಿಮ್ಮ ಕಚೇರಿಯ ಪತ್ರ ಹೋದ ತಿಂಗಳು ಕೈಸೇರಿತು. ನಾನು ತರಬೇತಿ ಪಡೆಯುತ್ತಿದ್ದ ಹಳ್ಳಿಯ ಚಿಕಿತ್ಸಾಲಯದ ಮಾನ್ಯತೆ ರದ್ದಾಗಿದೆ. ಆದಕಾರಣ ಅಲ್ಲಿ ಕಳೆದ ಅವಧಿಯನ್ನು ‘ಪರಿಗಣಿಸಲು ಬರುವುದಿಲ್ಲ’. ಅರವತ್ತು ದಿನಗಳೊಳಗೆ ನಗರದ ದೊಡ್ಡ ಆಸ್ಪತ್ರೆಗೆ ಹಾಜರಾಗಿ ತರಬೇತಿಯನ್ನು ಮೊದಲಿನಿಂದ ಆರಂಭಿಸತಕ್ಕದ್ದು. ಕಾರಣ ಮೂರು ಕೊಟ್ಟಿದ್ದೀರಿ. ಚಿಕಿತ್ಸಾಲಯದಲ್ಲಿ ಸೆಮಿನಾರ್ ಕೊಠಡಿ ಇಲ್ಲ. ತಪಾಸಣೆಯ ದಿನ ತರಬೇತಿ ವೈದ್ಯೆ ತನ್ನ ಸ್ಥಾನದಲ್ಲಿ ಇರಲಿಲ್ಲ. ತರಬೇತುದಾರರು ತಪಾಸಣಾಧಿಕಾರಿಗೆ ಸಹಕರಿಸದೆ ಮಾತಿನ ನಡುವೆ ಎದ್ದು ಹೋದರು.

ಮೂರೂ ನಿಜ. ಒಂದನ್ನೂ ಅಲ್ಲಗಳೆಯುವುದಿಲ್ಲ. ಆ ದಿನ ಅಲ್ಲಿ ಒಬ್ಬ ಮುದುಕಿ ಸಾಯದೆ ಉಳಿದಳು ಎಂಬುದೂ ನಿಜ. ಅದಕ್ಕೆ ಮಾತ್ರ ವರದಿಯಲ್ಲಿ ಜಾಗ ಸಿಕ್ಕಿಲ್ಲ. ಇದನ್ನೆಲ್ಲ ಹೀಗೆ ಪತ್ರಿಕೆಯಲ್ಲಿ, ಹತ್ತು ಜನರೆದುರು ಯಾಕೆ ಬರೆಯುತ್ತಿದ್ದಾಳೆ ಎಂದು ನೀವು ಕೇಳಬಹುದು. ಮೊದಲು ನಿಮಗೊಬ್ಬರಿಗೇ ಬರೆದಿದ್ದೆ, ಎರಡು ಸಲ. ಎರಡಕ್ಕೂ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಂತು, ಉತ್ತರ ಬರಲಿಲ್ಲ.

ನಮ್ಮ ಚಿಕಿತ್ಸಾಲಯವೆಂದರೆ ಎರಡು ಕೋಣೆ, ಒಂದು ಜಗಲಿ, ಜಗಲಿಯಲ್ಲಿ ಉದ್ದನೆಯ ಬೆಂಚು. ನನಗೆ ಕಲಿಸುವವರನ್ನು ಊರವರು ದೊಡ್ಡ ಡಾಕ್ಟರು ಎನ್ನುತ್ತಾರೆ. ಎತ್ತರದಲ್ಲಿ ಅವರು ನನ್ನ ಭುಜಕ್ಕೆ ಬರುತ್ತಾರೆ. ಅರವತ್ತೆಂಟು ವಯಸ್ಸು, ಮೂವತ್ತೊಂಬತ್ತು ವರ್ಷದಿಂದ ಅದೇ ಕೋಣೆ. ಅವರ ಜೊತೆ ಒಬ್ಬರು ನರ್ಸ್, ಎಲ್ಲರಿಗೂ ಸಿಸ್ಟರ್. ಒಂಬತ್ತು ವರ್ಷಗಳಲ್ಲಿ ದೊಡ್ಡ ಡಾಕ್ಟರಿಗೆ ನೀವು ಕಳಿಸಿದ ಮೊದಲ ತರಬೇತಿ ವೈದ್ಯೆ ನಾನು. ಅವರ ಪಾಠ ನಡೆಯುವುದು ಕೈತೊಳೆಯುವ ಸಿಂಕಿನ ಬಳಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಕೈಗೆ ಸೋಪು ಹಚ್ಚುತ್ತ ದಿನವೂ ಒಂದೇ ಪ್ರಶ್ನೆ ಕೇಳುತ್ತಾರೆ: “ನಿನ್ನೆ ಯಾರ ಮಾತು ನೀನು ಪೂರ್ತಿ ಕೇಳಿಸ್ಕೊಳ್ಲಿಲ್ಲ?”

ಮೊದಮೊದಲು ಈ ಪ್ರಶ್ನೆಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಗರದ ಆಸ್ಪತ್ರೆಯಲ್ಲಿ ಓದಿದವಳು ನಾನು. ಅಲ್ಲಿ ರೋಗಿ ಬರುವ ಮೊದಲು ಅವನ ಕಡತ ಬರುತ್ತಿತ್ತು, ಅದನ್ನು ಓದಿದರೆ ಸಾಕು. ಇಲ್ಲಿ ಬೆಂಚಿನ ಮೇಲೆ ಕೂತವರು ಮೊಮ್ಮಗಳ ಪರೀಕ್ಷೆ, ಪಕ್ಕದ ಮನೆಯ ನಾಯಿ, ಮುರಿದ ಕನ್ನಡಕ ಎಲ್ಲವನ್ನೂ ಹೇಳಿ ಮುಗಿಸಿ, ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು “ಅಂದಹಾಗೆ, ಎದೇಲಿ ಒಂದು ಗಂಟು ಸಿಗ್ತಿದೆ” ಎನ್ನುತ್ತಾರೆ. ಬಾಗಿಲ ಹತ್ತಿರದ ಆ ಮಾತಿಗೆ ಕಾಯುವುದನ್ನು ಕಲಿಯಲು ನನಗೆ ಆರು ತಿಂಗಳು ಹಿಡಿಯಿತು. ಪೂರ್ತಿ ಕಲಿತಿರಲೂ ಇಲ್ಲ ಎಂಬುದಕ್ಕೆ ಮುಂದಿನದೇ ಸಾಕ್ಷಿ.

ಬಸ್ ನಿಲ್ದಾಣದ ಹಿಂದೆ ಇಸ್ತ್ರಿ ಅಂಗಡಿ ನಡೆಸುವ ಒಬ್ಬ ಹೆಂಗಸು ಚಳಿಗಾಲದ ಆರಂಭದಲ್ಲಿ ತಲೆನೋವೆಂದು ಬಂದಳು. ರಕ್ತದೊತ್ತಡ ನೋಡಿದೆ, ಕಣ್ಣು ನೋಡಿದೆ, ಮಾತ್ರೆ ಕೊಟ್ಟೆ. ಎರಡನೇ ಸಲ ಬಂದಾಗ ಮೈಗ್ರೇನ್ ಎಂದು ಬರೆದೆ. ಮೂರನೇ ಸಲ, ಅದು ಒಂದು ಸೋಮವಾರ ಸಂಜೆ, ತಲೆಯ ಸ್ಕ್ಯಾನ್‌ಗೆ ಚೀಟಿ ಬರೆಯುತ್ತಿದ್ದಾಗ ಅವಳು ಹೇಳಿದಳು: “ಭಾನುವಾರ ಚೆನ್ನಾಗೇ ಇರ್ತೀನಿ ಡಾಕ್ಟ್ರೇ. ಸೋಮವಾರ ಬಂತೂ ಅಂದ್ರೆ ಶುರು.”

“ಸೋಮವಾರ ನಂಗೂ ತಲೆನೋವೇ ಅಕ್ಕ,” ಎಂದು ನಕ್ಕೆ. ಅವಳೂ ನಕ್ಕಳು. ಚೀಟಿಯನ್ನು ನಾಲ್ಕಾಗಿ ಮಡಿಸುತ್ತ, “ನಮ್ಮತ್ತೇನೂ ಹಿಂಗೇ ಅಂತಾರೆ. ವಯಸ್ಸಾಯ್ತಲ್ಲ ಅಂತ ನಾನು ತಲೆ ಕೆಡಿಸ್ಕೊಳ್ಲಿಲ್ಲ,” ಎಂದಳು. ನಾನೂ ಕೆಡಿಸಿಕೊಳ್ಳಲಿಲ್ಲ. ತರಬೇತಿಯವರು ತುಂಬಬೇಕಾದ ನಿಮ್ಮ ದಾಖಲೆ ಪುಸ್ತಕದಲ್ಲಿ ರೋಗದ ಹೆಸರಿಗೊಂದು ಕಾಲಂ ಇದೆ, ಚಿಕಿತ್ಸೆಗೊಂದು ಇದೆ, ಅತ್ತೆಗೆ ಇಲ್ಲ. ಮೈಗ್ರೇನ್ ಎಂಬ ನನ್ನ ಆ ನಮೂದಿಗೆ ಮಂಡಳಿಯಿಂದ ‘ತೃಪ್ತಿಕರ’ ಎಂಬ ಷರಾ ಬಂದಿದೆ. ದಯವಿಟ್ಟು ಗಮನಿಸಿ: ತಪ್ಪು ಮಾಡಿದ ದಿನಕ್ಕೆ ತೃಪ್ತಿಕರ, ತಪ್ಪು ತಿದ್ದಿಕೊಂಡ ದಿನಕ್ಕೆ ಗೈರುಹಾಜರಿ.

ಮರುದಿನ ಮಂಗಳವಾರ. ಸಿಂಕಿನ ಬಳಿ ಎಂದಿನ ಪ್ರಶ್ನೆ ಬಂತು. ಭಾನುವಾರ ರಜೆ ಹಾಕುವ ತಲೆನೋವಿನ ಸುದ್ದಿಯನ್ನು ತಮಾಷೆಯಾಗಿ ಹೇಳಿದೆ. ಅವರು ನಲ್ಲಿ ನಿಲ್ಲಿಸಿದರು.

“ಅತ್ತೆಗೂ ಇದೆಯಂತಾ?”

“ಹೌದು ಸರ್.”

“ಒಂದೇ ಮನೇಲಿ ಇಬ್ರಿಗೂ ಮೈಗ್ರೇನು, ಇಬ್ರಿಗೂ ಭಾನುವಾರ ರಜಾ. ಎಷ್ಟು ಶಿಸ್ತಿನ ಕಾಯಿಲೆ ನೋಡಮ್ಮ.” ಕೈ ಒರೆಸಿಕೊಳ್ಳದೆಯೇ ಕೇಳಿದರು, “ಅವರ ಅಂಗಡಿ ಒಳಗೆ ಹೋಗಿದ್ದೀಯಾ?”

ದಾರಿಯಲ್ಲಿ ಹೋಗುವಾಗ ಹೊರಗಿನಿಂದ ನೋಡಿದ್ದೆ ಅಷ್ಟೇ, ಎಂದೆ.

“ಈಗ್ಲೇ ಹೋಗು. ಇಲ್ಲಿ ಬಂದವರನ್ನ ನಾನು ನೋಡ್ಕೋತೀನಿ.”

ಹೋದೆ. ಕ್ರಿಸ್‌ಮಸ್ ರಜೆ ಮುಗಿದು ಶಾಲೆಗಳು ಮತ್ತೆ ತೆರೆಯುವ ವಾರ ಅದು. ಬಾಗಿಲಿನವರೆಗೂ ಬಿಳಿ ಸಮವಸ್ತ್ರಗಳ ರಾಶಿ. ಅಗಲ ಕಡಿಮೆಯ, ಉದ್ದನೆಯ ಕೋಣೆ. ಹಳೆಯ ಕಂಬಳಿ ಹಾಸಿದ ಎರಡು ಮೇಜು, ಎರಡು ಇದ್ದಿಲಿನ ಇಸ್ತ್ರಿ ಪೆಟ್ಟಿಗೆ, ಮೂಲೆಯಲ್ಲಿ ಕೆಂಡ ಮಾಡುವ ಒಲೆ. ಇದ್ದ ಒಂದೇ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದರು. ಮುಂದಿನ ರಸ್ತೆ ಅಗೆದು ಎರಡು ತಿಂಗಳಾಗಿತ್ತು, ಧೂಳು ಬಿಳಿ ಬಟ್ಟೆಯ ಮೇಲೆ ಕೂರುತ್ತದೆ ಎಂದು. ಒಳಗೆ ಹೊಗೆಯಿಲ್ಲ, ವಾಸನೆಯಿಲ್ಲ. ಚಳಿಗೆ ಹಾಯೆನಿಸುವ ಬಿಸಿ. ಸೊಸೆ ಬಾಗಿಲ ಪಕ್ಕದ ಮೇಜಿನಲ್ಲಿದ್ದಳು. ಒಳಗಿನ ಮೇಜಿನ ಹತ್ತಿರ ಅತ್ತೆ ಬಟ್ಟೆಗಂಟಿಗೆ ಒರಗಿದ್ದರು.

“ಒಂದು ಗಳಿಗೆ ಮಲಗಿದಾರೆ ಡಾಕ್ಟ್ರೇ. ಬೆಳಿಗ್ಗೆ ಐದಕ್ಕೇ ಬಂದು ಕೂತಿದ್ದು. ಎಬ್ಬಿಸ್ಬೇಡಿ, ಪಾಪ.”

ನಾನು ಎಬ್ಬಿಸಿದೆ. ಏಳಲಿಲ್ಲ.

ಆಮೇಲಿನ ಕೆಲವು ನಿಮಿಷ ನನಗೆ ಸರಿಯಾಗಿ ನೆನಪಿಲ್ಲ. ಪಕ್ಕದ ಸೈಕಲ್ ರಿಪೇರಿ ಅಂಗಡಿಯವರು ಓಡಿ ಬಂದದ್ದು, ಮೂವರೂ ಸೇರಿ ಅತ್ತೆಯನ್ನು ಹೊರಗೆ ಎಳೆದದ್ದು, ಸೊಸೆ “ಅತ್ತೇ, ಅತ್ತೇ” ಎಂದು ಅವರ ಕೆನ್ನೆ ತಟ್ಟುತ್ತಲೇ ಇದ್ದದ್ದು, ತರಕಾರಿ ತರುವ ಟೆಂಪೊ ನಿಲ್ಲಿಸಿ ಹತ್ತಿಸಿದ್ದು. ಅಷ್ಟು ಹೊತ್ತಿಗೆ ನನ್ನ ತಲೆಯೂ ಸಿಡಿಯುತ್ತಿತ್ತು. ಆಗ ಮಾತ್ರ ನನಗೆ ಅವಳ ಸೋಮವಾರ ಅರ್ಥವಾಯಿತು: ಭಾನುವಾರ ಅಂಗಡಿ ಮುಚ್ಚಿರುತ್ತದೆ.

ಅದೇ ಹೊತ್ತಿಗೆ ಚಿಕಿತ್ಸಾಲಯಕ್ಕೆ ನಿಮ್ಮ ತಪಾಸಣಾಧಿಕಾರಿಗಳು ಅಳತೆಪಟ್ಟಿ ಹಿಡಿದ ಸಹಾಯಕರೊಂದಿಗೆ ಬಂದಿದ್ದರು. ಇದನ್ನು ಸಿಸ್ಟರ್ ಹೇಳಿದ್ದು. ಪಾಠ ಎಲ್ಲಿ ನಡೆಯುತ್ತದೆ ಎಂದು ಕೇಳಿದಾಗ ದೊಡ್ಡ ಡಾಕ್ಟರು ಸಿಂಕು ತೋರಿಸಿದರಂತೆ. ಅಧಿಕಾರಿಗಳು ಅದನ್ನೂ ಅಳತೆ ಮಾಡಿಸಿದರಂತೆ. ತರಬೇತಿ ವೈದ್ಯೆ ಎಲ್ಲಿ ಎಂದರೆ, “ಇಸ್ತ್ರಿ ಅಂಗಡೀಲಿ” ಎಂಬ ಉತ್ತರ. ನಿಮ್ಮ ವರದಿಯ ನಾಲ್ಕನೇ ಪುಟದಲ್ಲಿ ಅದು ಹೀಗಿದೆ: ‘ಕರ್ತವ್ಯದ ವೇಳೆಯಲ್ಲಿ ಬಟ್ಟೆ ಇಸ್ತ್ರಿ ಮಾಡಿಸಲು ತೆರಳಿದ್ದು ಕಂಡುಬಂದಿದೆ.’ ಮಾನ್ಯರೇ, ನನ್ನನ್ನು ಕಂಡವರಾರೂ ನನ್ನ ಬಟ್ಟೆಗೆ ಇಸ್ತ್ರಿ ಆಗಿರುತ್ತದೆ ಎಂಬ ಆರೋಪ ಹೊರಿಸಲಾರರು.

ಟೆಂಪೊ ಬಂದು ನಿಂತಾಗ ದೊಡ್ಡ ಡಾಕ್ಟರು ನಿಮ್ಮ ಅಧಿಕಾರಿಗಳ ಹನ್ನೊಂದನೇ ಪ್ರಶ್ನೆಯ ನಡುವೆ ಎದ್ದರು. ಅಸಹಕಾರ ಅಂದರೆ ಇದು. ನಾನು ಅತ್ತೆಯ ಬೆರಳಿಗೆ ಆಮ್ಲಜನಕ ಅಳೆಯುವ ಯಂತ್ರ ಸಿಕ್ಕಿಸಿದೆ. “ಸರ್, ತೊಂಬತ್ತೆಂಟಿದೆ!” ಎಂದು ಸಂತೋಷದಿಂದ ಕೂಗಿದೆ.

“ಅದನ್ನ ನಂಬಬೇಡ. ಕೆಂಡದ ವಿಷಗಾಳಿಗೂ ಒಳ್ಳೇ ಗಾಳಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಮಾಸ್ಕ್ ಹಾಕು, ಸಿಲಿಂಡರ್ ಪೂರ್ತಿ ತಿರುಗಿಸು,” ಎಂದರು. ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದ ಅಧಿಕಾರಿಗಳಿಗೆ, “ಸ್ವಾಮಿ, ಸಹಿ ಆಮೇಲೆ ಹಾಕ್ತೀನಿ. ಒಂಚೂರು ಗಾಳಿ ಬಿಡಿ,” ಎಂದರು.

ಅರ್ಧ ಗಂಟೆಯ ಮೇಲೆ ಅತ್ತೆ ಕಣ್ಣು ಬಿಟ್ಟರು. ಮಾಸ್ಕಿನೊಳಗಿಂದ ಅವರು ಆಡಿದ ಮೊದಲ ಮಾತು, “ಪೆಟ್ಟಿಗೇನ ಬಿಳೀ ಬಟ್ಟೆ ಮೇಲೇ ಬಿಟ್ಟುಬಂದ್ನಾ?” ಸೊಸೆ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ನಿಮ್ಮ ಅಧಿಕಾರಿಗಳ ಕಾರು ಹೋಗಿತ್ತು. ನಗರದ ಆಸ್ಪತ್ರೆಯ ರಕ್ತಪರೀಕ್ಷೆ ಕೆಂಡದ ವಿಷಗಾಳಿ, ಕಾರ್ಬನ್ ಮಾನಾಕ್ಸೈಡೇ ಎಂದು ಖಚಿತಪಡಿಸಿತು. ನಾಲ್ಕನೇ ದಿನ ಅತ್ತೆ ನಡೆದುಕೊಂಡು ಮನೆಗೆ ಬಂದರು. ಈಗ ಅಂಗಡಿಯ ಕಿಟಕಿ ತೆರೆದಿದೆ, ಒಲೆ ಹೊರಗೆ ಬಂದಿದೆ, ಇಬ್ಬರಿಗೂ ತಲೆನೋವಿಲ್ಲ. ಇದನ್ನು ಬರೆಯಲೇ ಎಂದು ಸೊಸೆಯನ್ನು ಕೇಳಿದ್ದಕ್ಕೆ, “ಬರೀರಿ. ಬಟ್ಟೆ ಸುಟ್ಟಿತ್ತು ಅಂತ ಮಾತ್ರ ಬರೀಬೇಡಿ, ಗಿರಾಕಿಗಳು ಹೋಗ್ತಾರೆ,” ಎಂದಳು. ಒಂದು ಬಟ್ಟೆಯೂ ಸುಟ್ಟಿರಲಿಲ್ಲ.

ಈಗ ನೀವೇ ಹೇಳಿ. ಅಂದು ನಾನು ಅಚ್ಚುಕಟ್ಟಾಗಿ ನನ್ನ ಕುರ್ಚಿಯಲ್ಲಿ ಕೂತಿದ್ದರೆ ನನ್ನ ಹದಿನಾಲ್ಕು ತಿಂಗಳು ಉಳಿಯುತ್ತಿತ್ತು. ಆ ಮುದುಕಿ ಉಳಿಯುತ್ತಿದ್ದಳೇ? ನಾನು ಬರೆದ ಚೀಟಿ ಹಿಡಿದು ಸೊಸೆ ಸ್ಕ್ಯಾನ್‌ಗೆ ಹೋಗಿದ್ದರೆ ತಲೆಯೊಳಗೆ ಏನೂ ಇಲ್ಲ ಎಂಬ ಸುಂದರವಾದ ಚಿತ್ರ ಸಿಗುತ್ತಿತ್ತು. ಮುಚ್ಚಿದ ಕಿಟಕಿ ಯಾವ ಸ್ಕ್ಯಾನಿನಲ್ಲಿ ಕಾಣಿಸುತ್ತದೆ? ಹಳ್ಳಿಗೆ ವೈದ್ಯರು ಬರುತ್ತಿಲ್ಲ ಎಂದು ಪ್ರತಿ ಘಟಿಕೋತ್ಸವದಲ್ಲೂ ಮರುಗುತ್ತೀರಿ. ಬಂದವಳನ್ನು ಎತ್ತಿ ವಾಪಸ್ಸು ಕಳಿಸುವ ಕೆಲಸವನ್ನೂ ನೀವೇ ವಹಿಸಿಕೊಂಡಿದ್ದೀರಲ್ಲ, ಮರುಕಕ್ಕೆ ಬಿಡುವಾದರೂ ಎಲ್ಲಿ ಸಿಗುತ್ತದೆ?

ನಿಮ್ಮ ಪತ್ರವನ್ನು ದೊಡ್ಡ ಡಾಕ್ಟರಿಗೆ ತೋರಿಸಿದ ದಿನ ಅವರು ಅದನ್ನು ಎರಡು ಸಲ ಓದಿ, “ಅಳತೆ ಎಲ್ಲಾ ಸರಿಯಾಗೇ ತಗೊಂಡಿದಾರೆ,” ಎಂದರು. ಆಮೇಲೆ ಹೊರಗೆ ಹೋಗಿ ಖಾಲಿ ಬೆಂಚಿನ ಮೇಲೆ ಕೂತರು. ಅಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. “ನೀನು ಹೋಗಮ್ಮ. ನನ್ನಿಂದ ನಿನ್ನ ವರ್ಷ ಹಾಳಾಗೋದು ಬೇಡ,” ಎಂದರು. ನನ್ನ ಅಮ್ಮ ಫೋನಿನಲ್ಲಿ, “ಅವರ ಜೊತೆ ಜಗಳ ಯಾಕೆ ಮಗಳೇ, ಹೇಳಿದ ಕಡೆ ಹೋಗಿ ಮುಗಿಸ್ಕೊಂಡು ಬಂದ್ಬಿಡು,” ಎಂದಳು. ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಅದಕ್ಕೇ ನನಗೆ ಸಿಟ್ಟು ಇನ್ನೂ ಹೆಚ್ಚಾಯಿತು.

ಆದ್ದರಿಂದ ನನ್ನ ಬೇಡಿಕೆ. ಈ ಚಿಕಿತ್ಸಾಲಯದ ಮಾನ್ಯತೆಯನ್ನು ಹಿಂದಿರುಗಿಸಿ, ಕಳೆದ ಹದಿನಾಲ್ಕು ತಿಂಗಳನ್ನು ಲೆಕ್ಕಕ್ಕೆ ಹಿಡಿಯಿರಿ. ರೋಗಿಯ ಮನೆಗೋ ಅಂಗಡಿಗೋ ಹೋಗುವುದನ್ನು ಗೈರುಹಾಜರಿ ಎನ್ನದೆ ತರಬೇತಿ ಎಂದು ಬರೆಯಲು ಪುಸ್ತಕದಲ್ಲಿ ಜಾಗ ಮಾಡಿ. ಮತ್ತೊಮ್ಮೆ ತಪಾಸಣೆ ಮಾಡಲೇಬೇಕಿದ್ದರೆ, ಇತ್ತೀಚೆಗೆ ಒಂದಾದರೂ ನಾಡಿ ಹಿಡಿದು ನೋಡಿದವರನ್ನು ಕಳಿಸಿ. ಒಂದು ಬೆಳಗು ಪೂರ್ತಿ ನಮ್ಮ ಜೊತೆ ಕೂರಲಿ. ಉತ್ತರ ಬರುವವರೆಗೆ ನಾನು ನಗರಕ್ಕೆ ಹೊರಡುವುದಿಲ್ಲ. ಅರವತ್ತು ದಿನ ಮುಗಿದರೆ ನನ್ನನ್ನು ಪಟ್ಟಿಯಿಂದ ತೆಗೆಯುತ್ತೀರಿ ಎಂದು ಗೊತ್ತಿದೆ. ವೈದ್ಯೆಯಾಗಿ ನನಗೆ ಪದವಿ ಇದೆ, ನೋಂದಣಿ ಇದೆ. ಕೆಲಸ ಮಾಡಲು ಅಷ್ಟು ಸಾಕು.

ನಿನ್ನೆ ಇದನ್ನು ದೊಡ್ಡ ಡಾಕ್ಟರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, “ಹಂಗಾದ್ರೆ ಗುರುವಾರದ ಬಾಣಂತಿಯರನ್ನ ಇನ್ಮೇಲೆ ನೀನೇ ನೋಡು,” ಎಂದರು. ಗುರುವಾರ ತಪಾಸಣೆಗೆ ಬರುವ ಬಾಣಂತಿಯರನ್ನು ಈ ಮೂವತ್ತೊಂಬತ್ತು ವರ್ಷಗಳಲ್ಲಿ ಅವರು ಬೇರೆ ಯಾರ ಕೈಗೂ ಬಿಟ್ಟುಕೊಟ್ಟಿಲ್ಲವೆಂದು ಸಿಸ್ಟರ್ ಆಮೇಲೆ ಹೇಳಿದರು.

ಇಂತಿ, ಗೌರವದಿಂದಲೂ ಇನ್ನೂ ಆರದ ಸಿಟ್ಟಿನಿಂದಲೂ,

ಮಂಡಳಿಯ ಪ್ರಕಾರ ಇನ್ನೂ ಕಲಿಯಲು ಶುರುವೇ ಮಾಡದ ಒಬ್ಬ ವೈದ್ಯೆ