ಬ್ರಸೆಲ್ಸ್ ಮುಗಿದ ಮೇಲೆ

ನವೆಂಬರ್ 3, ಸೋಮವಾರ

ಈ ಡೈರಿಯಲ್ಲಿಯೂ ಬರೆಯದೆ ಬಿಡುವುದರಲ್ಲಿದ್ದೆ — ಲೇಖನದಿಂದ ಸೋಲಾಂಜ್ ವೆರ್ನೆಯ ಕೊನೆಯ ಆರು ವರ್ಷ ಬೇಕೆಂದೇ ತೆಗೆದುಹಾಕಿದ್ದೇನೆ.

ಧಾರವಾಡದ ಮಾಸಪತ್ರಿಕೆಗೆ ಎರಡು ಪುಟ. ಸೋಲಾಂಜ್ ಫ್ರಾನ್ಸಿನ ಸಣ್ಣ ಊರಿನ ಟೀಚರ್. ಅಲ್ಲಿನ ಪುರಸಭೆ ಸದಸ್ಯೆ, ಮೇಯರ್, ಸಂಸದೆ. ಪ್ಯಾರಿಸ್‌ನಲ್ಲಿ ಕೃಷಿ ಮಂತ್ರಿ. ಕೊನೆಗೆ ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಒಕ್ಕೂಟದ ಕಮಿಷನರ್ — ಅಷ್ಟೂ ದೇಶಗಳಿಗೆ ಸೇರಿ ಮಂತ್ರಿ ಇದ್ದ ಹಾಗೆ. ಅಲ್ಲಿಗೆ ಫುಲ್‌ಸ್ಟಾಪ್ ಇಟ್ಟೆ. ಚೆಂದ ಕಾಣಿಸಿತು.

ಆಮೇಲೆ ಆಕೆ ಊರಿಗೆ ಮರಳಿ ಅದೇ ಪುರಸಭೆಗೆ ನಿಂತಳು. ಆಕೆಯ ಹಳೆಯ ಸೆಕ್ರೆಟರಿಯೇ ಈಗ ಮೇಯರ್, ಈಕೆ ಬರೀ ಸದಸ್ಯೆ. ಅದೆಲ್ಲ ಓದುವವರಿಗೆ ಯಾಕೆ ಬೇಕು?

ಬೇಡವಾಗಿದ್ದು ಓದುವವರಿಗೋ, ನನಗೋ...

ನವೆಂಬರ್ 4, ಸಂಜೆ

ಪಕ್ಷದವರು ಬಂದಿದ್ದರು. ನಗರಸಭೆ ಅಧ್ಯಕ್ಷ ಸ್ಥಾನದ ಮೀಸಲಾತಿ ಈ ಸಲ ಬೇರೆ ವರ್ಗಕ್ಕೆ ಹೋಗಿದೆ. ಆದರೂ ನಮ್ಮ ವಾರ್ಡಿಗೆ ನಾನೇ ನಿಲ್ಲಬೇಕಂತೆ. ಗೆದ್ದರೆ ಬರೀ ಮೆಂಬರ್. ಹೋದ ಸಲ ಅದೇ ಸಭೆಗೆ ನಾನು ಅಧ್ಯಕ್ಷೆ. ಯೋಚಿಸಿ ಹೇಳುತ್ತೇನೆ ಅಂದೆ.

ಅತ್ತೆ ಗದಿಗೆವ್ವ ಚಹಾದ ಕಪ್ಪು ಎತ್ತುತ್ತಾ — "ಕುದರಿ ಮ್ಯಾಲಿಂದ ಇಳದು ಕತ್ತಿ ಏರ್ತೀಯೇನವಾ? ನಾ ಗುಡಿಗೆ ಹೋದ್ರ 'ಅಧ್ಯಕ್ಷರ ಅತ್ತಿ ಬಂದ್ರು, ಜಾಗಾ ಬಿಡ್ರಿ' ಅಂತಾರ. ಆ ಜಾಗಾ ಹೋಗ್ತೈತಿ."

ನಕ್ಕೆ. ಆದರೆ ಆ ಜಾಗ ನನಗೂ ಬೇಕು.

ನವೆಂಬರ್ 12

ಇಷ್ಟು ದಿನ ಬರೆಯುವುದೇನೂ ಇರಲಿಲ್ಲ. ಅಲ್ಲ, ಇತ್ತು. ಬರೆಯಲಿಲ್ಲ.

ಹಿಂದಿನ ಓಣಿಯ ಜನ್ನತಬಿ ಹೊಲಿದ ಕುಬಸ ಕೊಡಲು ಬಂದಿದ್ದಳು.

"ಅಕ್ಕಾರ, ನಿಂದರ್ತೀರೋ ಇಲ್ಲೋ?"

"ಈ ಸಲ ಬರೀ ಮೆಂಬರ್ ಅಷ್ಟ, ಜನ್ನತಬಿ."

"ಛಲೋನ ಆತಲ್ರಿ! ಮೊದಲ ಮೆಂಬರ್ ಇದ್ದಾಗ ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡೀತಿದ್ರಿ. ಅಧ್ಯಕ್ಷರಾದ್ರಿ — ನಿಮ್ಮ ಮಾರಿ ನೋಡಬೇಕಂದ್ರ ಪೇಪರ್ ತಗೋಬೇಕಾತು. ನಮಗ ಖರ್ಚು!"

ಇಬ್ಬರೂ ನಕ್ಕೆವು. ಆಕೆ ಹೋದ ಮೇಲೆ ನನಗೆ ನಗು ಉಳಿಯಲಿಲ್ಲ.

ತೆಗೆದುಹಾಕಿದ ಪ್ಯಾರಾ ಮತ್ತೆ ಓದಿದೆ. ವಾಪಸ್ ಬಂದ ಮೊದಲ ಸಭೆಯಲ್ಲಿ ಸೋಲಾಂಜ್ ಹಳೆಯ ರೂಢಿಯಿಂದ ಸೀದಾ ಮೇಯರ್ ಕುರ್ಚಿಯತ್ತ ನಡೆದುಬಿಟ್ಟಳಂತೆ. ಸಭೆ ನಕ್ಕಿತು. ಮುಖ ಕೆಂಪಾಗಿ, ಹಿಂದಿನ ಸಾಲಿಗೆ ಹೋಗಿ ಕೂತಳು. ಎರಡನೆಯ ಸಭೆಗೂ ಬಂದಳು.

ನನಗೆ ಮೊದಲ ಸಭೆಯ ಭಯ. ಎರಡನೆಯದರ ಬಗ್ಗೆ ಯೋಚಿಸಿಯೇ ಇರಲಿಲ್ಲ.

ನವೆಂಬರ್ 15, ಶನಿವಾರ

ಪಕ್ಷದವರಿಗೆ ಹೂಂ ಅಂದೆ. ಅತ್ತೆಗೂ ಹೇಳಿದೆ.

"ನಿನ್ನ ಮರ್ಜಿ. ಗುಡಿಯಾಗ ನಾ ಏನಂತ ಹೇಳ್ಲಿ?"

"ಮೆಂಬರ್ ಅತ್ತಿ ಅನ್ರಿ."

"ಅದಕ್ಕ ಯಾರ ಜಾಗಾ ಬಿಡ್ತಾರ?" ಗುಡಿಗೆ ಹೊರಡಲು ಸೆರಗು ಹೊದ್ದು — "ಮೊದಲ ಗೆದ್ದ ಬಾ."

ಆರು ವರ್ಷ ವಾಪಸ್ ಸೇರಿಸಿದೆ, ಕುರ್ಚಿಯ ಪ್ರಸಂಗದ ಸಮೇತ. ಎರಡು ಪುಟ ದಾಟಿತು. ದಾಟಲಿ.

ಸಂಪಾದಕರು ಲೇಖಕಿಯ ಪರಿಚಯ ಒಂದು ಸಾಲು ಕೇಳಿದ್ದಾರೆ. 'ನಗರಸಭೆಯ ಮಾಜಿ ಅಧ್ಯಕ್ಷೆ' ಅಂತ ಬರೆದೆ. ಹೊಡೆದುಹಾಕಿದೆ. 'ವಾರ್ಡ್ ಸದಸ್ಯ ಸ್ಥಾನದ ಅಭ್ಯರ್ಥಿ, ಗದಗ-ಬೆಟಗೇರಿ.' ಇಷ್ಟು ಸಾಕು. ಆದರೆ ಇದು ನಿಜವಾಗುವುದು ನಾಮಪತ್ರ ಕೊಟ್ಟ ಮೇಲೆ. ಸೋಮವಾರ, ನವೆಂಬರ್ 17ಕ್ಕೆ ಅದನ್ನು ಕೊಟ್ಟು ಬರುವಾಗ ಲೇಖನ ಪೋಸ್ಟ್ ಮಾಡುವುದು.