ಒರಳಿಲ್ಲದ ಗುಂಡುಕಲ್ಲು

ಯಲ್ಲಾಪುರ
ಬುಧವಾರ, ೧೯ ನವೆಂಬರ್ ೨೦೨೫

ಸಿಟ್ಟು ಮಾಡಿಕೊಂಡು ಫೋನ್ ಇಟ್ಟ ಅವ್ವನಿಗೆ ಪ್ರತಿಭಾಳ ನಮಸ್ಕಾರ.

ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ನಾಲ್ಕು ಆಡುತ್ತೀಯ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ಬರೆದು, ನಾಳೆ ಸಿದ್ದಾಪುರಕ್ಕೆ ಹೊರಟಿರುವ ನೂರ್ ಅಹ್ಮದ್ ಅವರ ಗೂಡ್ಸ್ ಗಾಡಿಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೈ.

ನಾನು ಬೇಕೆಂದು ಊರನ್ನು ಹೆದರಿಸಲಿಲ್ಲ. ಏಳನೇ ತರಗತಿಗೆ ನಿರಾಶ್ರಿತರ ಪಾಠ ಮಾಡುತ್ತಿದ್ದೆ. ಹೋದ ವರ್ಷ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಪ್ರವಾಸ ಹೋಗಿ ಮೊಮೊ ತಿಂದು ಬಂದ ಮಕ್ಕಳಿಗೆ, ಆ ಜನ ತಮ್ಮ ನಾಡು ಬಿಟ್ಟು ಇಲ್ಲಿ ಯಾಕಿದ್ದಾರೆ ಅನ್ನುವುದೇ ಗೊತ್ತಿರಲಿಲ್ಲ. ಗಡಿ ದಾಟಿ ಬಂದವರು ನಿರಾಶ್ರಿತರು, ದೇಶದೊಳಗೇ ಊರು ಬಿಡಬೇಕಾಗಿ ಬಂದವರೂ ಇದ್ದಾರೆ ಅಂತ ಹೇಳಿ ಒಂದು ಮನೆಗೆಲಸ ಕೊಟ್ಟೆ. ಈಗಿಂದೀಗ ಮನೆ ಬಿಡಬೇಕೆಂದರೆ ಏನು ಒಯ್ಯುತ್ತೀರಿ? ಶಾಲೆಯ ಚೀಲದಲ್ಲಿ ಹಿಡಿಯುವಷ್ಟು ತನ್ನಿ ಅಂದೆ.

ಇಲ್ಲಿ ಅರ್ಧ ಊರು ಕಾಡಿನ ಅತಿಕ್ರಮಣ ಜಾಗದಲ್ಲಿದೆ. ಅರ್ಜಿ ಕೊಟ್ಟು ಕೊಟ್ಟು ಜನ ಮುದುಕರಾದರು, ಪಟ್ಟಾ ಬರಲಿಲ್ಲ. ಶಾಲಾ ಸಮಿತಿ ಅಧ್ಯಕ್ಷ ಮಾದೇವನವರ ಮಗಳು ಭೂಮಿಕಾ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಚೀಲಕ್ಕೆ ತುರುಕುತ್ತಿದ್ದಳಂತೆ. ತಾಯಿ ಕೇಳಿದ್ದಕ್ಕೆ, ಮನೆ ಬಿಡ್ಬೇಕಾದ್ರೆ ಅಂತ ಟೀಚರ್ ಹೇಳಿದಾರೆ ಅಂದಳಂತೆ. ಮುಗಿಯಿತಲ್ಲ ಕಥೆ! ಟೀಚರಿಗೆ ತಾಲೂಕು ಆಫೀಸಿನ ಸುದ್ದಿ ಸಿಕ್ಕಿದೆ, ಒಕ್ಕಲೆಬ್ಬಿಸಲು ಬರುತ್ತಾರೆ ಅಂತ ಕೇರಿಗೆ ಕೇರಿಯೇ ಗಂಟು ಕಟ್ಟಿತು. ಮರುದಿನ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಜನವೋ ಜನ. ಒಬ್ಬರಂತೂ ಆಕಳನ್ನೇ ಹಗ್ಗ ಹಿಡಿದು ತಂದಿದ್ದರು.

ಹೆದರಿಸಿದ್ದಕ್ಕೆ ಅಲ್ಲಿಯೇ ಎಲ್ಲರೆದುರು ಕೈ ಮುಗಿದೆ, ಅವ್ವ. ಮಾದೇವನವರಿಗೆ ಅಷ್ಟು ಸಾಲಲಿಲ್ಲ. ಪುಸ್ತಕದಾಗೆ ಇದ್ದದ್ದು ಓದಿಸಿ ಸುಮ್ನಿರಿ ಟೀಚರ್, ನಮ್ಮ ಹೊಟ್ಟೆ ಉರಿಸಬೇಡಿ ಅಂದರು. ಇನ್ನು ಈ ಪಾಠ ಮಾಡುವುದಿಲ್ಲ ಅಂತ ನಾನು ಶನಿವಾರದ ಸಭೆಯಲ್ಲಿ ಬರೆದುಕೊಡಬೇಕಂತೆ. ಇಲ್ಲದಿದ್ದರೆ ಸೋಮವಾರದಿಂದ ಬೇರೆ ಟೀಚರ್. ಅತಿಥಿ ಶಿಕ್ಷಕಿಯನ್ನು ಮನೆಗೆ ಕಳಿಸಲು ಎಷ್ಟು ಹೊತ್ತು?

ನೀನೂ ಅವರ ಕಡೆಗೇ ಸೇರಿದೆ. ನಿಂಗೆ ಎಂತಕ್ಕೆ ಬೇಕಿತ್ತೇ ಊರ ಉಸಾಬರಿ, ಬರ್ದುಕೊಟ್ಟು ಬಾಯ್ಮುಚ್ಕಂಡಿರು ಅಂದೆ. ಬರೆದುಕೊಡುವುದಿಲ್ಲ. ಕೆಲಸ ಹೋದರೆ ಹೋಗಲಿ. ಶನಿವಾರ ಬೆಳಿಗ್ಗೆಯೂ ಇದೇ ಪಾಠ ಮಾಡುತ್ತೇನೆ, ಬಾಗಿಲು ತೆಗೆದಿಟ್ಟು ಮಾಡುತ್ತೇನೆ, ಬೇಕಾದವರು ಬಂದು ಕೂರಲಿ. ಮೊನ್ನೆ ಗಲಾಟೆಯೆಲ್ಲ ಮುಗಿದ ಮೇಲೆ ಭೂಮಿಕಾ ಹತ್ತಿರ ಬಂದು, ನಮ್ಮನ್ನ ನಿಜವಾಗ್ಲೂ ಎಬ್ಬಿಸಿದ್ರೆ ನಮ್ಗೆ ಎಂತ ಅಂತಾರೆ ಟೀಚರ್ ಅಂತ ಕೇಳಿದಳು. ದಿನಾ ಅದೇ ಹೆದರಿಕೆಯಲ್ಲಿ ಬೆಳೆಯುವ ಮಗುವಿಗೆ ಆ ಮಾತೇ ಆಡಬೇಡ ಎನ್ನಲೇ? ನನ್ನಿಂದಾಗದು.

ಮತ್ತೆ ನೀನು! ಕಾಳಿಯ ಅಣೆಕಟ್ಟಿನ ನೀರು ನಿಮ್ಮೂರಿಗೆ ನುಗ್ಗಿದಾಗ ನೀನೂ ಏಳನೇ ಕ್ಲಾಸು. ಕೇಳಿದಾಗೆಲ್ಲ, ಮುಳುಗಿದ್ದು ಮುಳುಗ್ತು ಬಿಡು ಅಂತ ಎದ್ದು ಹೋಗುತ್ತೀಯ. ಆಗ ನಿನ್ನ ಟೀಚರ್ ಯಾರಾದರೂ ಕೂರಿಸಿಕೊಂಡು ಕೇಳಿದ್ದರೆ ನಿನ್ನ ಬಾಯಿ ಹೀಗೆ ಕಟ್ಟುತ್ತಿರಲಿಲ್ಲವೇನೋ. ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಸಂಕಟವಾಗುತ್ತದೆ, ಅಷ್ಟೆ.

ಶನಿವಾರ ಬಾ. ಬೆಳಗಿನ ಮೊದಲ ಬಸ್ಸು ಹತ್ತಿ ಶಿರಸಿಯಲ್ಲಿ ಬದಲಿಸು, ಸ್ಟ್ಯಾಂಡಿಗೆ ನಾನು ಬರುತ್ತೇನೆ. ನನ್ನ ಪರವಾಗಿ ಯಾರ ಹತ್ತಿರವೂ ಬೇಡಿಕೊಳ್ಳುವುದು ಬೇಡ. ಮಕ್ಕಳೆದುರು ಕೂತು ನಿನ್ನ ಊರಿನ ಹೆಸರು ಹೇಳು, ಸಾಕು.

ನಿನ್ನಷ್ಟೇ ಹಟಮಾರಿಯಾದ ಮಗಳು,
ಪ್ರತಿಭಾ

ತಾ.ಕ.: ನಮ್ಮ ಬಾಗಿಲಿಗೆ ಒತ್ತು ಕೊಟ್ಟಿದ್ದ, ಒರಳಿಲ್ಲದ ಆ ಗುಂಡುಕಲ್ಲು ಕಾಣೆಯಾಯಿತೆಂದು ತಮ್ಮ ಉಲ್ಲಾಸನನ್ನು ಇನ್ನು ಬೈಯಬೇಡ. ದೀಪಾವಳಿಗೆ ಬಂದಾಗ ನಾನೇ ಎತ್ತಿಕೊಂಡು ಬಂದೆ. ಮುಳುಗಿದ ಮನೆಯಿಂದ ನೀನೇ ಹೊತ್ತು ತಂದದ್ದಂತೆ, ಅಜ್ಜ ಹೇಳಿದ್ದ. ಈಗ ಕ್ಲಾಸಿನ ಮೇಜಿನ ಮೇಲಿದೆ. ಇದರ ಒರಳು ಎಲ್ಲಿ ಟೀಚರ್ ಅಂತ ಮಕ್ಕಳು ಕೇಳುತ್ತಿದ್ದಾರೆ. ನೀನು ಬಂದು ಹೇಳುತ್ತೀಯ ಅಂದಿದ್ದೇನೆ.